ಮೈನ್ ಸ್ವಿಚ್ಚಿನ ಪಕ್ಕದ ಬೆಂಚು

ಮುದ್ದೇನಕಟ್ಟೆ, ಅಜ್ಜಂಪುರ ತಾಲ್ಲೂಕು
8 ಜುಲೈ 2024

ಚಿ. ಅನುಪಮಾಗೆ ಆಶೀರ್ವಾದಗಳು.

ಹೈಸ್ಕೂಲಿನ ಲೆಕ್ಕದ ಮೇಷ್ಟ್ರು ದೇವೀರಪ್ಪನಿಂದ ಕಾಗದ ಬಂದಿದೆಯೆಂದು ಗಾಬರಿಯಾಗಬೇಡ. ಐದು ವರ್ಷದ ಹಿಂದಿನ ಹೋಂವರ್ಕ್ ಕೇಳಲು ಬರೆಯುತ್ತಿಲ್ಲ. ಮೊನ್ನೆ ಅಜ್ಜಂಪುರದ ಸಂತೆಯಲ್ಲಿ ನಿನ್ನ ಅಪ್ಪ ಹೊನ್ನಯ್ಯ ಸಿಕ್ಕಿದ್ದ. "ನಮ್ ಹುಡ್ಗಿ ತರೀಕೆರೇಲಿ ಕಂಪ್ಯೂಟ್ರು ಕೆಲ್ಸಕ್ಕೆ ಸೇರ್ಕಂಡ್ಲು ಸಾ. ಎಲ್ಲಾ ನಿಮ್ ದಯ" ಅಂದ. ಬದನೆಕಾಯಿ ಆರಿಸುತ್ತಿದ್ದ ನಾನು ಚೀಲ ಕೆಳಗಿಟ್ಟು ಅವನ ಕೈ ಹಿಡಿದುಕೊಂಡೆ. ಲೆಕ್ಕದಲ್ಲಿ ನನ್ನ ಮಕ್ಕಳು ಎಲ್ಲೆಲ್ಲೋ ಹೋಗಿದ್ದಾರೆ. ಕಂಪ್ಯೂಟರಿನಲ್ಲಿ ಹೋದವಳು ನೀನೊಬ್ಬಳೇ.

ನಮ್ಮ ಕಂಪ್ಯೂಟರ್ ರೂಮು ಈಗಲೂ ಹಾಗೆಯೇ ಇದೆ. ಚಪ್ಪಲಿ ಹೊರಗೆ. ಹತ್ತು ಕಂಪ್ಯೂಟರಿಗೂ ನಿಮ್ಮ ತರಗತಿಯ ಹುಡುಗಿಯರು ಕಸೂತಿ ಹಾಕಿದ ಬಟ್ಟೆಯ ಹೊದಿಕೆ. ನೋಟ್‌ಬುಕ್ಕಿನ ರಟ್ಟಿನ ಮೇಲೆ ಕೀಬೋರ್ಡ್ ಬರೆದುಕೊಂಡು ನೀವೆಲ್ಲ ಟಕಟಕ ಬಡಿಯುತ್ತಿದ್ದಿರಿ, ನೆನಪಿದೆಯೇ? ನಾನು ಅಕ್ಷರ ಕೂಗುವುದು, ನೀನು ಕಣ್ಣು ಮುಚ್ಚಿಕೊಂಡು ಅದೇ ಮನೆಯ ಮೇಲೆ ಬೆರಳಿಡುವುದು. ಒಂದು ದಿನವೂ ತಪ್ಪಿದವಳಲ್ಲ ನೀನು. ಗಂಟೆ ಹೊಡೆದ ಕೂಡಲೇ ಎದ್ದು ಮೈನ್ ಆಫ್ ಮಾಡಿ ಲಾಗ್ ಬುಕ್ಕಿಗೆ ಸಹಿ ಹಾಕುವ ಲೀಡರೂ ನೀನೇ ಆಗಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ಒಂದು ಟ್ರಸ್ಟಿನವರು, ಈಗಾಗಲೇ ಇರುವ ಕಂಪ್ಯೂಟರುಗಳನ್ನು ಚೆನ್ನಾಗಿ ಬಳಸಿಕೊಂಡ ಹಳ್ಳಿ ಶಾಲೆಗಳಿಗೆ ಇಪ್ಪತ್ತು ಹೊಸ ಕಂಪ್ಯೂಟರ್ ಕೊಡುತ್ತಾರಂತೆ. ಅಲ್ಲಿ ಕಲಿತು ಮುಂದೆ ಬಂದ ಹಳೆಯ ವಿದ್ಯಾರ್ಥಿಯೊಬ್ಬರು ಸ್ವಂತ ಕೈಬರಹದಲ್ಲಿ ಒಂದು ಪುಟ ಬರೆದುಕೊಡಬೇಕು. ನಾನು ನಿನ್ನ ಹೆಸರು ಕೊಟ್ಟಿದ್ದೇನೆ. ಬರುವ ಮೇ ತಿಂಗಳಿಗೆ ನನಗೆ ನಿವೃತ್ತಿ. ಅಷ್ಟರೊಳಗೆ ಆ ಇಪ್ಪತ್ತು ಬಂದು ಕೂತರೆ ನೆಮ್ಮದಿಯಿಂದ ಮನೆಗೆ ಹೋಗುತ್ತೇನೆ.

ನಿನ್ನ ಫೋನ್ ನಂಬರ್ ನಿನ್ನಪ್ಪನಿಗೆ ಬಾಯಿಗೆ ಬರಲಿಲ್ಲ, ವಿಳಾಸದ ಚೀಟಿ ಜೇಬಿನಲ್ಲಿತ್ತು. ಇರಲಿ ಬಿಡು, ಕಂಪ್ಯೂಟರ್ ಮೇಷ್ಟ್ರಾದರೂ ನನಗೆ ಕಾಗದವೇ ಹಿತ.

ಇಂತು,
ದೇವೀರಪ್ಪ

* * *

ತರೀಕೆರೆ
21 ಜುಲೈ 2024

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂದು ಒಂಬತ್ತು ದಿನವಾಯಿತು. ತಡವಾಗಿದ್ದಕ್ಕೆ ಕ್ಷಮಿಸಿ. ನಾನು ಇಲ್ಲಿ ಜಯಲಕ್ಷ್ಮಮ್ಮ ಚಿಕ್ಕಮ್ಮನ ಮನೆಯಲ್ಲಿದ್ದೇನೆ, ಆರೋಗ್ಯವಾಗಿದ್ದೇನೆ. ಅಪ್ಪ ಹೇಳಿದ್ದು ನಿಜ. ಬಸ್‌ಸ್ಟ್ಯಾಂಡಿನ ಹತ್ತಿರ ಮಲ್ಲಿಕಾಂಬ ಅಂತ ಒಬ್ಬರ ಅಂಗಡಿ ಇದೆ. ಪಹಣಿ ತೆಗೆದುಕೊಡುವುದು, ಅರ್ಜಿ ತುಂಬುವುದು, ಜೆರಾಕ್ಸ್, ಲ್ಯಾಮಿನೇಷನ್ ಎಲ್ಲ ನಡೆಯುತ್ತದೆ. ಮೂರು ಕಂಪ್ಯೂಟರ್ ಇವೆ. ದಿನವೆಲ್ಲ ನಾನು ಅವುಗಳ ಹತ್ತಿರವೇ ಇರುತ್ತೇನೆ.

ನೀವು ಕೇಳಿದ ಪುಟದ ವಿಷಯ. ನನಗಿಂತ ಮುಂದೆ ಬಂದವರು ಯಾರಾದರೂ ಇದ್ದೇ ಇರುತ್ತಾರೆ ಸರ್. ಅವರನ್ನು ಕೇಳಿದರೆ ಶಾಲೆಗೆ ಹೆಚ್ಚು ಶೋಭೆ.

ಒಂದು ಸಂದೇಹ ಕೇಳಲೇ? ಕೆಲಸ ಮುಗಿದ ತಕ್ಷಣ ಮೈನ್ ಆಫ್ ಮಾಡಬೇಕು ಅನ್ನುವುದು ಕಂಪ್ಯೂಟರ್ ಇರುವ ಎಲ್ಲ ಕಡೆಯೂ ಇರುವ ನಿಯಮವೇ, ಅಥವಾ ನಮ್ಮ ಶಾಲೆಯಲ್ಲಿ ಮಾತ್ರ ಇತ್ತೇ?

ನಿಮ್ಮ ವಿದ್ಯಾರ್ಥಿನಿ,
ಅನುಪಮಾ ಎಚ್.

* * *

ಮುದ್ದೇನಕಟ್ಟೆ
2 ಆಗಸ್ಟ್ 2024

ಚಿ. ಅನುಪಮಾಗೆ ಆಶೀರ್ವಾದಗಳು.

ನಿನ್ನ ಸಂದೇಹ ಓದಿ ಸ್ಟಾಫ್ ರೂಮಿನಲ್ಲಿ ಒಬ್ಬನೇ ನಕ್ಕೆ. ನಿಮ್ಮ ಅಂಗಡಿಯವರು ಮೈನ್ ಆಫ್ ಮಾಡದೆ ಎದ್ದು ಹೋಗುತ್ತಾರೆ, ಅದನ್ನು ನೋಡಿ ನಿನಗೆ ತಡೆಯಲಾಗುತ್ತಿಲ್ಲ, ಅಷ್ಟೇ ತಾನೇ? ಎಲ್ಲ ಕಡೆಯೂ ಶಿಸ್ತು ಇರುವುದಿಲ್ಲ ಮಗಳೇ. ಯಾರು ಏನೇ ಅನ್ನಲಿ, ನೀನು ಬಿಡಬೇಡ. ಕರೆಂಟಿನ ವಿಷಯದಲ್ಲಿ ಅತಿ ಎಚ್ಚರ ಅನ್ನುವುದೇ ಇಲ್ಲ. ಈಗಿನ ಒಂಬತ್ತನೇ ತರಗತಿಯವರಿಗೂ ನಾನು ನಿನ್ನ ಉದಾಹರಣೆಯನ್ನೇ ಕೊಡುವುದು.

ಇನ್ನು ನಿನ್ನ ಸಂಕೋಚ. ನೀನು ಮೊದಲಿನಿಂದಲೂ ಹೀಗೆಯೇ. ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ, ನಾನೇ ಎಬ್ಬಿಸಿ ನಿಲ್ಲಿಸಬೇಕಿತ್ತು. ಈಗಲೂ ನಾನೇ ಎಬ್ಬಿಸುತ್ತಿದ್ದೇನೆ. ಏನು ಬರೆಯುವುದೆಂದು ಒದ್ದಾಡಬೇಡ, ಕೆಳಗೆ ನಾನೇ ಬರೆದಿದ್ದೇನೆ. ನಿನ್ನ ಅಕ್ಷರದಲ್ಲಿ ನಕಲು ಮಾಡಿ ಸಹಿ ಹಾಕಿ ಕಳಿಸು.

"ನಾನು ಮುದ್ದೇನಕಟ್ಟೆ ಸರ್ಕಾರಿ ಪ್ರೌಢಶಾಲೆಯಲ್ಲಿ ಮೂರು ವರ್ಷ ವಾರಕ್ಕೆ ಎರಡು ಅವಧಿಯಂತೆ ಕಂಪ್ಯೂಟರ್ ಶಿಕ್ಷಣ ಪಡೆದಿರುತ್ತೇನೆ. ಇಲ್ಲಿ ಪಡೆದ ಜ್ಞಾನದಿಂದಲೇ ಇಂದು ತರೀಕೆರೆಯಲ್ಲಿ ಕಂಪ್ಯೂಟರ್ ಆಪರೇಟರ್ ಆಗಿ ಸ್ವಂತ ಕಾಲಿನ ಮೇಲೆ ನಿಂತಿರುತ್ತೇನೆ. ಯಂತ್ರಗಳ ರಕ್ಷಣೆಯ ಶಿಸ್ತನ್ನು, ಮುಖ್ಯವಾಗಿ ಕೆಲಸ ಮುಗಿದೊಡನೆ ಮೈನ್ ಆಫ್ ಮಾಡುವುದನ್ನು, ನನ್ನ ಗುರುಗಳಾದ ಶ್ರೀ ದೇವೀರಪ್ಪನವರಿಂದ ಕಲಿತಿರುತ್ತೇನೆ."

ನನ್ನ ಹೆಸರಿನ ಹಿಂದೆ ಶ್ರೀ ನಾನೇ ಹಾಕಿಕೊಂಡೆನೆಂದು ನಗಬೇಡ. ನೀನಾದರೂ ಹಾಕುತ್ತಿದ್ದೆ.

ಇಂತು,
ದೇವೀರಪ್ಪ

* * *

ತರೀಕೆರೆ
26 ಆಗಸ್ಟ್ 2024

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ಪುಟ ಇದರ ಜೊತೆ ಇದೆ. ನೀವು ಹೇಳಿದಂತೆಯೇ ಬರೆದು ಸಹಿ ಮಾಡಿದ್ದೇನೆ. ಕೊನೆಯ ಸಾಲಿನಲ್ಲಿ ಮೈನ್ ಆಫ್ ಮಾಡುವ ಮಾತು ಮಾತ್ರ ಬಿಟ್ಟಿದ್ದೇನೆ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ಅನುಪಮಾ ಎಚ್.

* * *

ಮುದ್ದೇನಕಟ್ಟೆ
23 ಸೆಪ್ಟೆಂಬರ್ 2024

ಚಿ. ಅನುಪಮಾಗೆ ಅನಂತ ಆಶೀರ್ವಾದಗಳು.

ಬಂತು ಕಣಮ್ಮ! ಇಪ್ಪತ್ತೂ ಬಂತು. ಟ್ರಸ್ಟಿನವರು ಬಂದು ನಿನ್ನ ಪುಟವನ್ನು ಗಟ್ಟಿಯಾಗಿ ಓದಿಸಿದರು. ಲಾಗ್ ಬುಕ್ ತಿರುವಿ ನೋಡಿ, ಇಷ್ಟು ಅಚ್ಚುಕಟ್ಟಾದ ದಾಖಲೆ ಬೇರೆಲ್ಲೂ ಕಂಡಿಲ್ಲ ಅಂದರು. ನೀನು ಬಿಟ್ಟ ಮಾತನ್ನು ನಾನೇ ಕೊನೆಯಲ್ಲಿ ಸೇರಿಸಿದ್ದೆ, ಸಹಿಯ ಮೇಲೆ ಸ್ವಲ್ಪ ಜಾಗವಿತ್ತು. ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ ಮಾತು.

ನವೆಂಬರ್ 14, ಮಕ್ಕಳ ದಿನ, ಹೊಸ ರೂಮಿನ ಉದ್ಘಾಟನೆ. ಟೇಪು ಕತ್ತರಿಸುವವಳು ನೀನು. ಹೆಡ್ ಮೇಡಂ ಪ್ರೇಮಮ್ಮ ಕಾರ್ಡಿನಲ್ಲಿ ನಿನ್ನ ಹೆಸರು ಹಾಕಿಸಿಯಾಯಿತು. ಸ್ಟೇಜಿನ ಮೇಲೆ ಒಂದು ಕಂಪ್ಯೂಟರ್ ಇಡುತ್ತೇವೆ. ನೀನು ಕಣ್ಣು ಮುಚ್ಚಿಕೊಂಡು ಟೈಪ್ ಮಾಡಿ ತೋರಿಸಬೇಕು, ಆಮೇಲೆ ಇಲ್ಲಿ ಹೇಗೆ ಕಲಿತೆ ಅಂತ ನಾಲ್ಕು ಮಾತು ಆಡಬೇಕು. ನಿನ್ನ ಅಪ್ಪನಿಗೂ ಅಮ್ಮ ದ್ಯಾಮಮ್ಮನಿಗೂ ಮುಂದಿನ ಸಾಲಿನಲ್ಲಿ ಕುರ್ಚಿ. ಹೊಸ ಸೀರೆ ಉಟ್ಟುಕೊಂಡು ಬಾ.

ಇಂತು,
ದೇವೀರಪ್ಪ

* * *

ತರೀಕೆರೆ
6 ಅಕ್ಟೋಬರ್ 2024

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ಇದನ್ನು ಫೋನಿನಲ್ಲಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಎದುರಿಗೆ ನಿಂತರಂತೂ ಸಾಧ್ಯವೇ ಇಲ್ಲ. ಕಾಗದವೇ ಒಳ್ಳೆಯದು ಅಂತ ನೀವು ಬರೆದಿದ್ದು ನಿಜ.

ನಾನು ಕಂಪ್ಯೂಟರ್ ಆಪರೇಟರ್ ಅಲ್ಲ. ಅಂಗಡಿಯಲ್ಲಿ ಫೋಟೋ ಕತ್ತರಿಸುತ್ತೇನೆ, ಲ್ಯಾಮಿನೇಷನ್ ಮಾಡುತ್ತೇನೆ, ಪಹಣಿಗೆ ಬಂದವರಿಗೆ ಸರದಿಯ ಚೀಟಿ ಕೊಡುತ್ತೇನೆ. ಕಂಪ್ಯೂಟರಿನ ಹತ್ತಿರ ಇರುತ್ತೇನೆ ಅಂತ ಬರೆದಿದ್ದೆನಲ್ಲ, ಹತ್ತಿರ ಮಾತ್ರ. ಸೇರಿದ ಮೊದಲ ಎರಡು ತಿಂಗಳು ಒಂದನ್ನೂ ಮುಟ್ಟಲಿಲ್ಲ. ಅಪ್ಪನಿಗೆ ನಾನೇ ಸುಳ್ಳು ಹೇಳಿದ್ದು.

ಏಪ್ರಿಲ್ ತಿಂಗಳಲ್ಲಿ ಕಡೂರಿನ ಒಂದು ಸಂಘದಲ್ಲಿ ಆಪರೇಟರ್ ಕೆಲಸಕ್ಕೆ ಪರೀಕ್ಷೆ ಇತ್ತು. ಹದಿನಾಲ್ಕು ಜನ ಹೋಗಿದ್ದೆವು. ಇಂಗ್ಲಿಷಿನ ಎರಡು ಪುಟ ಟೈಪ್ ಮಾಡಬೇಕು. ಸರ್, ನಾನು ಎಲ್ಲರಿಗಿಂತ ಮೊದಲು ಮುಗಿಸಿದೆ. ರಟ್ಟಿನ ಮೇಲೆ ಕಲಿತಿದ್ದು ಒಂದು ಅಕ್ಷರವೂ ಮರೆತಿರಲಿಲ್ಲ. ಪಕ್ಕದಲ್ಲಿ ಸಖರಾಯಪಟ್ಟಣದ ಅಶ್ವಿನಿ ಅಂತ ಒಬ್ಬಳು ಕೂತಿದ್ದಳು. ತಿಂಡಿಯೂ ತಿನ್ನದೆ ಮೊದಲ ಬಸ್ಸಿಗೆ ಬಂದಿದ್ದಳು. "ಏನ್ ಸ್ಪೀಡೇ ನಿಂದು!" ಅಂದಳು. ನನಗೆ ಎಷ್ಟು ಹೆಮ್ಮೆಯಾಯಿತು ಅಂದರೆ, ನಿಮಗೆ ಹೇಳಬೇಕು ಅನ್ನಿಸಿತು.

ಟೈಮ್ ಮುಗಿದ ಮೇಲೆ ಪರೀಕ್ಷೆ ಮಾಡಿಸುತ್ತಿದ್ದವರು, "ಎಲ್ರೂ ಕೈ ತೆಗೀರಿ. ಯಾರೂ ಏನೂ ಮುಟ್ಬೇಡಿ, ನಾನೇ ಬಂದು ಸೇವ್ ಮಾಡಿ ಪ್ರಿಂಟ್ ತಗೀತೀನಿ" ಅಂದು ಬೆಲ್ ಒತ್ತಿದರು. ಬೆಲ್ ಆಯಿತು. ಬಾಗಿಲ ಪಕ್ಕ ಕೂತಿದ್ದವಳು ನಾನು. ನಾನು ಎದ್ದೆ. ಗೋಡೆಯ ಹತ್ತಿರ ಹೋದೆ. ಮೈನ್ ಆಫ್ ಮಾಡಿದೆ.

ಯುಪಿಎಸ್ ರಿಪೇರಿಗೆ ಹೋಗಿತ್ತಂತೆ. ಹದಿನಾಲ್ಕು ಸ್ಕ್ರೀನೂ ಒಟ್ಟಿಗೆ ಕಪ್ಪಾದವು. ಆಗಲೂ ನನಗೆ ಗೊತ್ತಾಗಲಿಲ್ಲ ಸರ್. ಸಹಿ ಹಾಕಲು ಲಾಗ್ ಬುಕ್ ಎಲ್ಲಿದೆ ಅಂತ ಹುಡುಕುತ್ತಿದ್ದೆ.

"ಯಾರ್ರೀ ಮೈನ್ ಆಫ್ ಮಾಡಿದ್ದು?"

"ನಾನೇ ಸರ್."

"ಯಾಕಮ್ಮಾ?"

"ಮುಗೀತಲ್ಲ ಸರ್."

ಕೆಲವರು ನಕ್ಕರು, ಕೆಲವರು ಬೈದರು. ಅಶ್ವಿನಿ ಮಾತ್ರ ಕಪ್ಪು ಸ್ಕ್ರೀನನ್ನೇ ನೋಡುತ್ತಾ, "ನಂದೂ ಹೋಯ್ತಲ್ಲೇ" ಅಂತ ಅತ್ತಳು. ಉಳಿದವರಿಗೆ ಮತ್ತೆ ಪರೀಕ್ಷೆ ಕೊಟ್ಟರು. ನನ್ನನ್ನು ಹೊರಗೆ ಕಳಿಸಿದರು. ಎರಡನೇ ಸಲ ಅಶ್ವಿನಿ ಅರ್ಧಕ್ಕೇ ನಿಲ್ಲಿಸಿಬಿಟ್ಟಳಂತೆ. ಹೊರಗೆ ಬಂದವಳು ನನ್ನ ಮುಖವನ್ನೂ ನೋಡದೆ ಬಸ್ ಹತ್ತಿದಳು.

ಆ ಅಧಿಕಾರಿ ನನ್ನನ್ನು ಕಳಿಸುವ ಮೊದಲು ಒಂದು ಮಾತು ಕೇಳಿದರು. "ಯಾವ್ ಮೇಷ್ಟ್ರಮ್ಮಾ ನಿಂಗೆ ಇದನ್ನ ಕಲ್ಸಿದ್ದು?" ಅಂತ. ನಾನು, "ಯಾರೂ ಇಲ್ಲ ಸರ್, ನಾನೇ ಕಲ್ತಿದ್ದು" ಅಂದೆ.

ಹೀಗಿರುವಾಗ ನಾನು ಹೇಗೆ ಬಂದು ಟೇಪು ಕತ್ತರಿಸಲಿ? ನಾಲ್ಕು ಮಾತು ಏನಂತ ಆಡಲಿ? ನಿಮ್ಮ ಪುಟವನ್ನು ನಕಲು ಮಾಡಿದ್ದು ನನ್ನ ತಪ್ಪು. ನೀವು ಎಬ್ಬಿಸಿ ನಿಲ್ಲಿಸಿದರೆ ಇಲ್ಲ ಅನ್ನುವುದು ನನಗೆ ಅಂದೂ ಬರಲಿಲ್ಲ, ಈಗಲೂ ಬರಲಿಲ್ಲ. ಕಾರ್ಡಿನಿಂದ ನನ್ನ ಹೆಸರು ತೆಗೆಸಿ ಸರ್, ನಿಮ್ಮ ಕಾಲಿಗೆ ಬೀಳುತ್ತೇನೆ.

ಅನುಪಮಾ

* * *

ತರೀಕೆರೆ
28 ಅಕ್ಟೋಬರ್ 2024

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ಕಾಗದ ಹಾಕಿ ಮೂರು ವಾರವಾಯಿತು, ನಿಮ್ಮಿಂದ ಒಂದು ಸಾಲೂ ಇಲ್ಲ. ನನ್ನ ಮೇಲೆ ಸಿಟ್ಟಾಗಿದ್ದೀರಿ ಅಂತ ಅರ್ಥವಾಯಿತು. ಹಾಗೆಲ್ಲ ಬರೆಯಬಾರದಿತ್ತು. ತಪ್ಪು ಮಾಡಿದವಳು ನಾನು, ನಿಮ್ಮ ಪಾಠದ ಮೇಲೆ ಹಾಕಿದಂತಾಯಿತು. ಅಪ್ಪ ಹಬ್ಬಕ್ಕೆ ಮೊದಲೇ ಹೊಸ ಅಂಗಿ ಹೊಲಿಸಿದ್ದಾನಂತೆ, ಆ ದಿನಕ್ಕೆ ಅಂತಲೇ. ನೀವು ಹೇಳಿದರೆ ಬರುತ್ತೇನೆ. ಏನು ಹೇಳು ಅಂದರೂ ಹೇಳುತ್ತೇನೆ. ಒಂದು ಸಾಲು ಬರೆಯಿರಿ ಸಾಕು.

ಅನುಪಮಾ

* * *

ಮುದ್ದೇನಕಟ್ಟೆ
5 ನವೆಂಬರ್ 2024

ಅನುಪಮಾ,

ಇವತ್ತು ಆಶೀರ್ವಾದ ಬರೆಯಲು ಕೈ ಬರುತ್ತಿಲ್ಲ. ಸಿಟ್ಟು ಅಂತ ತಿಳಿದುಕೊಂಡೆಯಲ್ಲ, ಅದನ್ನು ಓದಿ ಇನ್ನಷ್ಟು ಕುಗ್ಗಿದೆ. ನಿನ್ನ ಕಾಗದ ಒಂದು ತಿಂಗಳಿಂದ ಅಂಗಿಯ ಜೇಬಿನಲ್ಲೇ ಇದೆ. ಆಯುಧ ಪೂಜೆಯ ದಿನ ಮಕ್ಕಳು ಎಂದಿನಂತೆ ಕಂಪ್ಯೂಟರುಗಳಿಗೆ ವಿಭೂತಿ ಹಚ್ಚಿ, ಮೈನ್ ಸ್ವಿಚ್ಚಿಗೂ ಹೂ ಮುಡಿಸಿದರು. ನಾನು ತಲೆನೋವೆಂದು ಸ್ಟಾಫ್ ರೂಮಿಗೆ ಹೋಗಿ ಕೂತೆ.

ನಿನ್ನ ಜುಲೈ ತಿಂಗಳ ಸಂದೇಹಕ್ಕೆ ಈಗ ನಿಜವಾದ ಉತ್ತರ ಬರೆಯುತ್ತೇನೆ. ಅದು ಎಲ್ಲ ಕಡೆಯ ನಿಯಮವಲ್ಲ. ನಿಯಮವೇ ಅಲ್ಲ ಮಗಳೇ, ಅದು ನನ್ನ ಹೆದರಿಕೆ.

ರೂಮಿನ ಉಸ್ತುವಾರಿ ನನಗೆ ವಹಿಸಿದಾಗ ಹತ್ತು ದಿನದ ತರಬೇತಿಗೆ ಕಳಿಸಿದ್ದರು. ಇಬ್ಬರಿಗೆ ಒಂದು ಕಂಪ್ಯೂಟರ್. ನನ್ನ ಪಕ್ಕ ಓಂಕಾರೇಶ್ ಅಂತ ಹೊಸದಾಗಿ ಸೇರಿದ ಮೇಷ್ಟ್ರು, ಬಹಳ ಚುರುಕು. ನಾನು ಒಂದು ಕೀಲಿ ಹುಡುಕುವಷ್ಟರಲ್ಲಿ, "ಬಿಡಿ ಸರ್, ನಾನ್ ಮಾಡ್ತೀನಿ" ಅನ್ನುತ್ತಿದ್ದ. ಬಿಟ್ಟೆ. ಹತ್ತು ದಿನವೂ ಬಿಟ್ಟೆ. ಕೊನೆಯ ದಿನ ಇಬ್ಬರಿಗೂ ಸರ್ಟಿಫಿಕೇಟ್ ಬಂತು.

ಶಾಲೆಗೆ ವಾಪಸ್ ಬಂದು ಮೊದಲ ಪಾಠ ಮಾಡಲು ನಿಂತೆ. ಏನೋ ಒತ್ತಿದೆ, ಸ್ಕ್ರೀನ್ ಪೂರ್ತಿ ನೀಲಿಯಾಗಿ ಬಿಳಿ ಅಕ್ಷರಗಳು ಬಂದವು. ಇನ್ನೇನೋ ಒತ್ತಿದೆ, ಹೋಗಲಿಲ್ಲ. ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕನೆ ನಕ್ಕರು. ಇಪ್ಪತ್ತು ವರ್ಷ ಪಾಠ ಮಾಡಿದ್ದೆ, ನನ್ನ ತರಗತಿಯಲ್ಲಿ ನನ್ನನ್ನು ನೋಡಿ ಯಾರೂ ನಕ್ಕಿರಲಿಲ್ಲ. ಸೀದಾ ಹೋಗಿ ಮೈನ್ ಆಫ್ ಮಾಡಿಬಿಟ್ಟೆ. ನೀಲಿ ಹೋಯಿತು, ನಗುವೂ ನಿಂತಿತು. ಮಕ್ಕಳ ಕಡೆ ತಿರುಗಿ, "ನೋಡಿ, ಕೆಲ್ಸ ಮುಗಿದ್ ತಕ್ಷಣ ಮೊದ್ಲು ಮಾಡ್ಬೇಕಾದ್ದು ಇದೇ" ಅಂದೆ. ಅವರು ಬರೆದುಕೊಂಡರು.

ಅಷ್ಟೇ ಅದರ ಹುಟ್ಟು. ಅಂದಿನಿಂದ ಕಂಪ್ಯೂಟರ್ ಹೊತ್ತಿಸುವುದು, ಮಕ್ಕಳಿಗೆ ದೂರದಿಂದ ತೋರಿಸುವುದು, ಆಮೇಲೆ ರಟ್ಟಿನ ಕೀಬೋರ್ಡ್, ಗಂಟೆಯಾದರೆ ಮೈನ್ ಆಫ್. ನನಗೆ ಒಂದು ಕಾಗದವನ್ನು ಟೈಪ್ ಮಾಡಿ ಉಳಿಸಲು ಇಂದಿಗೂ ಬರುವುದಿಲ್ಲ. ಕಾಗದವೇ ಹಿತ ಅಂತ ನಿನಗೆ ಬರೆದೆನಲ್ಲ, ಅದರೊಳಗಿದ್ದಿದ್ದು ಇದೇ. ಮೊನ್ನೆ ಹಳೆಯ ಲಾಗ್ ಬುಕ್ ತೆಗೆದು ನಿನ್ನ ಸಹಿ ಎಣಿಸಿದೆ. 'ಮೈನ್ ಆಫ್ ಮಾಡಲಾಗಿದೆ, ಅನುಪಮಾ ಎಚ್.' ನೂರ ಹದಿನೆಂಟು ಸಲ.

ಇನ್ನೂ ಒಂದಿದೆ. ಕಳೆದ ವಾರ ಬೀರೂರಿನ ಮೇಲೆ ಕಡೂರಿಗೆ ಹೋಗಿ ಆ ಸಂಘವನ್ನು ಹುಡುಕಿದೆ. ತಪ್ಪು ನನ್ನದು, ನಮ್ಮ ಹುಡುಗಿಗೂ ಸಖರಾಯಪಟ್ಟಣದ ಹುಡುಗಿಗೂ ಇನ್ನೊಂದು ಸಲ ಅವಕಾಶ ಕೊಡಿ ಅಂತ ಕೇಳಲು ಹೋಗಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಧಿಕಾರಿ ಒಳ್ಳೆಯವರು, ಟೀ ತರಿಸಿದರು. ನಿನ್ನ ಹೆಸರು ಹೇಳಿದೆ. ಅವರು ನಕ್ಕು, "ಓ, ಆ ಮೈನ್ ಸ್ವಿಚ್ ಹುಡುಗೀನಾ! ಕೆಲ್ಸ ಆಗ್ಲೇ ಭರ್ತಿ ಆಯ್ತು ಕಣ್ರೀ. ಅದಿರ್ಲಿ, ನೀವು ಅವ್ಳಿಗೆ ಏನಾಗ್ಬೇಕು?" ಅಂದರು.

ನಾನು, "ದೂರದ್ ಸಂಬಂಧ" ಅಂದೆ.

ಟೀ ಕುಡಿದು ಎದ್ದು ಬಂದೆ. ಬಸ್ಸಿನಲ್ಲಿ ಕೂತ ಮೇಲೆ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಇಪ್ಪತ್ತೊಂದು ವರ್ಷದ ಹುಡುಗಿ ಅಷ್ಟು ಜನರ ಮುಂದೆ ನನ್ನ ಹೆಸರು ಮುಚ್ಚಿಟ್ಟಳು. ಖಾಲಿ ಆಫೀಸಿನಲ್ಲಿ ಒಬ್ಬರ ಮುಂದೆ ಅದನ್ನು ಹೇಳಿಕೊಳ್ಳಲು ನನಗೆ ಆಗಲಿಲ್ಲ.

ನೀನು 14ಕ್ಕೆ ಬಾ. ಟೇಪು ಕತ್ತರಿಸಲು ಬೇಡ, ಕೇಳಲು ಬಾ. ಮೈಕಿನ ಮುಂದೆ ಎಲ್ಲವನ್ನೂ ನಾನೇ ಹೇಳುತ್ತೇನೆ. ಮಾತು ಕೊಡುತ್ತಿದ್ದೇನೆ.

ದೇವೀರಪ್ಪ

* * *

ತರೀಕೆರೆ
17 ನವೆಂಬರ್ 2024

ಸರ್,

ನಿಮ್ಮ ಹತ್ತಿರ ನಾನು ಹೀಗೆ ಮಾತನಾಡುತ್ತೇನೆ ಅಂತ ಎಂದೂ ಅಂದುಕೊಂಡಿರಲಿಲ್ಲ.

ನೀವು ಮೈಕಿನ ಮುಂದೆ ನಿಂತಾಗ, ನಿಮಗೆ ಕಷ್ಟವಾಗುತ್ತದೆ, ಪಾಪ, ಅಂತಲೇ ಯೋಚಿಸುತ್ತಿದ್ದೆ. ನೀವು ಟ್ರಸ್ಟಿನವರನ್ನು ನೋಡಿದಿರಿ, ಪ್ರೇಮಮ್ಮ ಮೇಡಂ ಅವರನ್ನು ನೋಡಿದಿರಿ. ಕನ್ನಡಕ ತೆಗೆದು ಒರೆಸಿಕೊಂಡಿರಿ. ಆಮೇಲೆ, "ಇವಳು ನಮ್ಮ ಶಾಲೆಯ ಹೆಮ್ಮೆ" ಅಂದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಪ್ಪ ಹೊಸ ಅಂಗಿಯಲ್ಲಿ ಎದ್ದು ನಿಂತು ತಟ್ಟಿದ. ಮೈಕ್ ನನ್ನ ಕೈಗೆ ಬಂತು. ನಿಮ್ಮ ಮುಖ ನೋಡಿದೆ, ನೀವು ನೆಲ ನೋಡುತ್ತಿದ್ದಿರಿ. "ನಾನು ಎಲ್ಲಾ ಇಲ್ಲೇ ಕಲಿತಿದ್ದು" ಅಂದುಬಿಟ್ಟೆ. ಎರಡನೇ ಸಲ ನಿಮ್ಮನ್ನು ಉಳಿಸಿದೆ. ಕಡೂರಿನಲ್ಲಿ ಉಳಿಸಿದಾಗ ಒಳಗೆ ಹೆಮ್ಮೆ ಇತ್ತು. ಈ ಸಲ ಬರೀ ಸುಸ್ತಾಯಿತು.

ಆಮೇಲಿನದು ನೀವು ನೋಡಲಿಲ್ಲ, ಅತಿಥಿಗಳನ್ನು ಕಾರಿನವರೆಗೆ ಬಿಡಲು ಹೋಗಿದ್ದಿರಿ. ನಾನು ಹೊಸ ರೂಮಿನಲ್ಲಿ ಮಕ್ಕಳ ಜೊತೆ ಕೂತೆ. ಮಲ್ಲಿಕಾಂಬ ಅಕ್ಕ ಈಚೆಗೆ ನನಗೆ ದಿನಾ ಒಂದಷ್ಟು ಹೊತ್ತು ಹೇಳಿಕೊಡುತ್ತಾರೆ. "ಮುಟ್ಟೇ, ಅದೇನ್ ಕಚ್ಚಲ್ಲ. ಕೆಟ್ರೆ ಸರಿ ಮಾಡಾಣ" ಅಂತ ಬೈದು ಬೈದು ಕೂರಿಸುತ್ತಾರೆ. ಆ ಧೈರ್ಯದ ಮೇಲೆ ಮಕ್ಕಳಿಗೆ ತಮ್ಮ ತಮ್ಮ ಹೆಸರು ಟೈಪ್ ಮಾಡಲು ಹೇಳಿದೆ. ರಟ್ಟು ಬಿಟ್ಟು ನಿಜವಾದ ಕೀಲಿ ಮುಟ್ಟಿದ್ದು ಅವರಿಗೆ ಅದೇ ಮೊದಲು. ತಮ್ಮ ಹೆಸರು ಸ್ಕ್ರೀನಿನ ಮೇಲೆ ಬಂದಿದ್ದಕ್ಕೆ ಕೆಲವರು ಎದ್ದು ಕುಣಿದರು. ಇದನ್ನು ಹೇಗೆ ಉಳಿಸಿಡುವುದು ಅಂತ ತೋರಿಸುತ್ತೇನೆ ಅನ್ನುವಷ್ಟರಲ್ಲಿ ಗಂಟೆ ಹೊಡೆಯಿತು.

ಬಾಗಿಲ ಪಕ್ಕದ ಬೆಂಚಿನಿಂದ ಒಂಬತ್ತನೇ ತರಗತಿಯ ಸ್ಫೂರ್ತಿ ಎದ್ದಳು. ಗೋಡೆಯ ಹತ್ತಿರ ಹೋದಳು. ನಾನು ಕೂಗುವುದರೊಳಗೆ ಮೈನ್ ಆಫ್ ಮಾಡಿಬಿಟ್ಟಳು. ಇಪ್ಪತ್ತೂ ಕಪ್ಪಾದವು. ಅವಳು ನನ್ನ ಕಡೆ ತಿರುಗಿ ನಕ್ಕಳು ಸರ್. ಶಹಬ್ಬಾಸ್ ಅನ್ನುತ್ತೇನೆ ಅಂತ ಕಾಯುತ್ತಾ ನಿಂತಳು.

"ಯಾರೇ ನಿಂಗಿದನ್ನ ಕಲ್ಸಿದ್ದು?" ಅಂದೆ. ಕಡೂರಿನವರು ನನ್ನನ್ನು ಕೇಳಿದ ಮಾತು ನನ್ನ ಬಾಯಿಂದಲೇ ಬಂತು.

"ನೀವೇ ಕಣಕ್ಕ" ಅಂದಳು. "ಸರ್ ದಿನಾ ನಿಮ್ ಹೆಸ್ರೇ ಹೇಳೋದು. ಲಾಗ್ ಬುಕ್ಕಲ್ಲಿ ನಿಮ್ ಸಹಿ ತೋರಿಸ್ತಾರೆ. ಅನುಪಮಕ್ಕ ಒಂದ್ ದಿನಾನೂ ಮರ್ತೋಳಲ್ಲ ಅಂತಾರೆ."

ನಾನು ಆ ಬೆಂಚಿನ ಮೇಲೆಯೇ ಕೂತುಬಿಟ್ಟೆ. ನನಗಾದ ಅವಮಾನ ನನ್ನಲ್ಲಿಗೇ ಮುಗಿಯಿತು ಅಂದುಕೊಂಡಿದ್ದೆ. ಅದನ್ನು ಈ ಮಗುವಿಗೆ ಕಲಿಸಿದ್ದು ನನ್ನ ಹೆಸರಿನಲ್ಲಿ. ನನ್ನ ಕಾಗದವನ್ನು ಒಂದು ತಿಂಗಳು ಜೇಬಿನಲ್ಲಿಟ್ಟುಕೊಂಡು ಓಡಾಡಿದಿರಲ್ಲ ಸರ್, ಆ ತಿಂಗಳಲ್ಲಿ ಎಷ್ಟು ಪಾಠ ಆಯಿತು? ಅವಳು ಎಷ್ಟು ಸಲ ಸಹಿ ಹಾಕಿದಳು? ನಿಮ್ಮ ನಾಚಿಕೆ ದೊಡ್ಡದೇ ಇರಬಹುದು. ಅದಕ್ಕೋಸ್ಕರ ಇನ್ನೊಬ್ಬಳನ್ನು ಕಡೂರಿಗೆ ಕಳಿಸಬೇಡಿ.

ಅನುಪಮಾ

* * *

ಮುದ್ದೇನಕಟ್ಟೆ
22 ನವೆಂಬರ್ 2024

ಅನುಪಮಾ,

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಬಂತು. ಈ ಸಲ ಜೇಬಿನಲ್ಲಿ ಇಟ್ಟುಕೊಳ್ಳಲಿಲ್ಲ. ಲಾಗ್ ಬುಕ್ಕಿನ ಈ ವರ್ಷದ ಹಾಳೆಗಳನ್ನು ತೆಗೆದೆ. ನೀನು ಕೇಳಿದ ಪ್ರಶ್ನೆಗೆ ಉತ್ತರ ಎಂಟು. ಆ ಒಂದು ತಿಂಗಳಲ್ಲಿ ಸ್ಫೂರ್ತಿ ಎಂಟು ಸಲ ಸಹಿ ಹಾಕಿದ್ದಾಳೆ.

ಇವತ್ತು ಬೆಳಗ್ಗೆ ಪ್ರಾರ್ಥನೆಯಲ್ಲಿ ಹೇಳಿದೆ. ಮೈಕ್ ಬೇಡವೆಂದೆ. ಧೈರ್ಯ ಬಂದಿತ್ತು ಅಂತ ತಿಳಿಯಬೇಡ, ಧ್ವಜದ ಕಂಬ ಹಿಡಿದುಕೊಂಡೇ ಮಾತನಾಡಿದೆ. ತರಬೇತಿಯ ವಿಷಯ ಹೇಳಿದೆ, ನೀಲಿ ಸ್ಕ್ರೀನಿನದು ಹೇಳಿದೆ. ನಾನು ಕಲಿಸಿದ್ದನ್ನು ನಂಬಿ ಒಬ್ಬಳು ಕೆಲಸ ಕಳೆದುಕೊಂಡಳು, ಅವಳ ಪಕ್ಕದಲ್ಲಿದ್ದವಳೂ ಕಳೆದುಕೊಂಡಳು ಅಂದೆ. ಆ ಪುಟ ನಾನೇ ಬರೆದುಕೊಟ್ಟಿದ್ದು ಅಂದೆ. ಪ್ರೇಮಮ್ಮ ಮೇಡಂ ತಲೆ ಎತ್ತಲಿಲ್ಲ. ಮಕ್ಕಳು ನಗುತ್ತಾರೆ ಅಂತ ಹನ್ನೆರಡು ವರ್ಷ ಹೆದರಿದ್ದೆ. ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಕೊನೆಗೆ ಸ್ಫೂರ್ತಿ ಕೈ ಎತ್ತಿದಳು. "ಹಂಗಾದ್ರೆ ಮೈನ್ ಯಾವಾಗ ಆಫ್ ಮಾಡ್ಬೇಕು ಸರ್?" ಅಂದಳು.

ನನಗೆ ಗೊತ್ತಿರಲಿಲ್ಲ. "ಗೊತ್ತಿಲ್ಲಮ್ಮ" ಅಂದೆ. ಮೂವತ್ತೆರಡು ವರ್ಷದಲ್ಲಿ ಮಕ್ಕಳ ಮುಂದೆ ಈ ಮಾತು ಆಡಿದ್ದು ಇದೇ ಮೊದಲು.

ಟ್ರಸ್ಟಿನವರಿಗೂ ಬರೆದು ಹಾಕಿದ್ದೇನೆ. ಸಹಿಯ ಮೇಲೆ ನಾನು ತುರುಕಿದ ಸಾಲಿನ ವಿಷಯವೂ ಅದರಲ್ಲಿದೆ. ಕಂಪ್ಯೂಟರುಗಳನ್ನು ವಾಪಸ್ ಒಯ್ಯುತ್ತಾರೋ ಬಿಡುತ್ತಾರೋ ತಿಳಿಯದು. ಒಯ್ದರೂ ಹಳೆಯ ಹತ್ತು ಇವೆ. ನಿನ್ನ ಅಪ್ಪನಿಗೆ ನಾನೇ ಹೋಗಿ ಹೇಳಿದೆ. ಹೊನ್ನಯ್ಯ ಎಲ್ಲ ಕೇಳಿದ. ಆಮೇಲೆ, "ಮಗೂಗೆ ಬೈಬ್ಯಾಡಿ ಸಾ" ಅಂದ. ನಾನು ನಿನಗೆ ಬೈಯಲು ಬಂದಿದ್ದೇನೆ ಅಂತಲೇ ಅವನು ತಿಳಿದುಕೊಂಡಿದ್ದ. ಮತ್ತೆ ಮೊದಲಿನಿಂದ ಹೇಳಬೇಕಾಯಿತು.

ಅಶ್ವಿನಿಯ ವಿಳಾಸ ಇದ್ದರೆ ಕಳಿಸು. ಅವಳಿಗೂ ನಾನು ಬರೆಯಬೇಕು.

ಕೇಳಲು ನನಗೆ ಮುಖವಿಲ್ಲ, ಆದರೂ ಕೇಳುತ್ತೇನೆ. ಮಲ್ಲಿಕಾಂಬ ಅವರು ಒಪ್ಪಿದರೆ ಶನಿವಾರ ಬೆಳಗಿನ ಹೊತ್ತು ಇಲ್ಲಿಗೆ ಬರಲು ಆಗುತ್ತದೆಯೇ? ಸ್ಫೂರ್ತಿಯ ಪ್ರಶ್ನೆಗೆ ಯಾರಾದರೂ ಉತ್ತರ ಹೇಳಬೇಕು. ಆಗುವುದಿಲ್ಲ ಅನ್ನಿಸಿದರೆ ಆಗುವುದಿಲ್ಲ ಅಂತಲೇ ಬರೆ. ನಾನು ಎಬ್ಬಿಸಿ ನಿಲ್ಲಿಸುತ್ತಿಲ್ಲ. ಬಂದರೆ ಬಾಗಿಲ ಪಕ್ಕದ ಬೆಂಚಿನಲ್ಲಿ, ಮೈನ್ ಸ್ವಿಚ್ಚಿನ ಹತ್ತಿರ, ನಾನು ಕೂರುತ್ತೇನೆ. ಗಂಟೆ ಹೊಡೆದಾಗ ಯಾರಾದರೂ ಎದ್ದರೆ ಕೈ ಹಿಡಿದು ಕೂರಿಸುತ್ತೇನೆ. ಸದ್ಯಕ್ಕೆ ನನಗೆ ಬರುವ ಕಂಪ್ಯೂಟರ್ ಕೆಲಸ ಅದೊಂದೇ.

ಇನ್ನೊಂದು ಪರೀಕ್ಷೆಗೆ ನೀನು ಹೋಗಿಯೇ ಹೋಗುತ್ತೀಯ. ಅಲ್ಲಿ ಯಾರಾದರೂ ಕಡೂರಿನ ಕಥೆ ತೆಗೆದು, ಯಾವ ಮೇಷ್ಟ್ರು ಕಲಿಸಿದ್ದು ಅಂತ ಕೇಳಿದರೆ ನನ್ನ ಹೆಸರು ಹೇಳು. ಊರಿನ ಹೆಸರನ್ನೂ ಸೇರಿಸಿ ಹೇಳು.

ದೇವೀರಪ್ಪ